ಚಾಪೆಯ ಪಾಳಿ

೧೯೭೦ರ ಸುಮಾರಿಗೆ ಪರೇಲಿನ ಬಟ್ಟೆ ಗಿರಣಿ ಸೇರಿದ ಮಲಕಪ್ಪನಿಗೆ ನಿದ್ದೆಯೂ ಪಾಳಿಯ ಮೇಲೆಯೇ. ಗಿರಣಿಯವರ ವಠಾರವಾದ ಚಾಳಿನ ಇಕ್ಕಟ್ಟು ಖೋಲಿಯಲ್ಲಿ ಒಬ್ಬ ಎದ್ದ ಚಾಪೆಯ ಮೇಲೆ ಇನ್ನೊಬ್ಬ ಮಲಗಬೇಕು. ಮಲಕಪ್ಪ ಸಾಕಿದ ನಾಯಿ ಕರಿಯನಿಗಂತೂ ಪಾಳಿಯೇ ಇರಲಿಲ್ಲ. ಬಂದವರೆಲ್ಲ ಒದ್ದು ಎಬ್ಬಿಸುವವರೇ. ಅದು ಸೊರಗಿ, ಕಂಡವರ ಮೇಲೆಲ್ಲ ಗುರುಗುಟ್ಟತೊಡಗಿತು.

ಒಯ್ದು ತೋರಿಸಿದರೆ, ರೋಗವೇನೂ ಇಲ್ಲ, ನಾಯಿಗೆ ಅರ್ಧ ದಿನಕ್ಕಿಂತ ಹೆಚ್ಚು ನಿದ್ದೆ ಬೇಕು ಎಂದರು ದನದ ಡಾಕ್ಟರು.

"ಅಷ್ಟು ನಿದ್ದಿ ಈ ಊರಾಗ ಯಾರಿಗೈತ್ರಿ?" ಎಂದು ಮಲಕಪ್ಪ ರೇಗಿದ. ಆದರೂ ಮನಸ್ಸು ಕಲ್ಲು ಮಾಡಿಕೊಂಡು ಕರಿಯನನ್ನು ವಿಲೆ ಪಾರ್ಲೆಯ ಬಂಗಲೆಯೊಂದಕ್ಕೆ ಕೊಟ್ಟುಬಂದ.

ರಜೆಯ ದಿನ ನೋಡಲು ಹೋದರೆ ಅದು ವರಾಂಡದಲ್ಲಿ ಗಾಢ ನಿದ್ದೆಯಲ್ಲಿತ್ತು. ಎಬ್ಬಿಸಲು ಮನಸ್ಸಾಗದೆ ಲೋಕಲ್ ರೈಲು ಹತ್ತಿ ಮರಳಿದ. ಖೋಲಿಯಲ್ಲಿ ಅವನ ಪಾಳಿ ಇನ್ನೂ ಬಂದಿರಲಿಲ್ಲ. ಕರಿಯ ಮಲಗುತ್ತಿದ್ದ ಮೂಲೆಯಲ್ಲಿ ಮುದುಡಿ ಕಣ್ಣು ಮುಚ್ಚಿದ. ಒಳಬಂದವನೊಬ್ಬ ಅವನನ್ನು ಕಾಲಿನಿಂದ ತಿವಿದ.

"ಸರಕೊಳ್ಳೋ ಅತ್ಲಾಗ."