ಗಾಳಿಯಿಲ್ಲದ ದಿನ ಬಂದ ಅಲೆ

೨೦೦೩ರಲ್ಲಿ ನಾನು ಬಂದರು ಕಾಮಗಾರಿಗಳಿಗೆ ಅಲೆಗಳ ಲೆಕ್ಕ ಹಾಕಿಕೊಡುವ ಒಂದು ಕಚೇರಿಯಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ಹುಟ್ಟಿ ಬೆಳೆದದ್ದು ಕಪಿಲಾ ನದಿಯ ದಂಡೆಯ ನಂಜನಗೂಡಿನಲ್ಲಿ; ಸಮುದ್ರವನ್ನು ಮೊದಲ ಸಲ ಕಂಡಾಗ ನನಗೆ ಇಪ್ಪತ್ತಮೂರು ವರ್ಷ. ಸಹೋದ್ಯೋಗಿಗಳು 'ರಸಬಾಳೆ ಸಾಹೇಬ್ರು' ಎಂದು ಛೇಡಿಸುತ್ತಿದ್ದರು, ನಾನೂ ನಗುತ್ತಿದ್ದೆ. ನಿವೃತ್ತನಾಗಿ ಅದೇ ಊರಿನಲ್ಲಿ ಕುಳಿತು ಬರೆಯುತ್ತಿರುವ ಈ ಪ್ರಕರಣದಲ್ಲಿ ಮಾತ್ರ ನಗುವಂಥದ್ದು ಏನೂ ಇಲ್ಲ. ನನ್ನ ತಪ್ಪಿನಿಂದ ಒಬ್ಬರು ಬಲಗೈಯ ಸ್ವಾಧೀನ ಕಳೆದುಕೊಂಡರು.

ಕರಾವಳಿಯ ಒಂದು ಮೀನುಗಾರರ ಹಳ್ಳಿಯಲ್ಲಿ ಬಲೆಗಳನ್ನಿಡಲು ದೊಡ್ಡ ಶೆಡ್, ಅದರ ಮುಂದೆ ಕಲ್ಲಿನ ತಡೆಗೋಡೆ ಕಟ್ಟಬೇಕಿತ್ತು. ಗೋಡೆ ಎಷ್ಟೆತ್ತರ, ಶೆಡ್ ನೀರಿನಿಂದ ಎಷ್ಟು ದೂರ ಎಂದು ಹೇಳುವುದು ನನ್ನ ಕೆಲಸ. ಅದಕ್ಕೆ ಆ ದಡದ 'ವೇವ್ ಕ್ಲೈಮೇಟ್' ಗೊತ್ತಾಗಬೇಕು. ಅಂದರೆ ವರ್ಷದ ಯಾವ ತಿಂಗಳಲ್ಲಿ, ಯಾವ ದಿಕ್ಕಿನಿಂದ, ಎಷ್ಟೆತ್ತರದ ಅಲೆ, ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಂಬ ಜಾತಕ. ಅಲ್ಲಿ ವರ್ಷಗಟ್ಟಲೆ ಅಲೆ ಅಳೆದವರು ಯಾರೂ ಇರಲಿಲ್ಲ. ಹಾಗಾಗಿ ಹಳೆಯ ಗಾಳಿಯ ದಾಖಲೆಗಳನ್ನು ಕಂಪ್ಯೂಟರಿಗೆ ಕೊಟ್ಟು, ಅಂಥ ಗಾಳಿಗೆ ಎಂಥ ಅಲೆ ಎದ್ದಿರಬೇಕೆಂದು ಲೆಕ್ಕ ಹಾಕಿಸುತ್ತಿದ್ದೆವು. ಇದಕ್ಕೇ ಮಾಡೆಲ್ ಎನ್ನುವುದು.

ಮಾಡೆಲ್‌ಗೆ ಒಂದು ಗಡಿ ಬೇಕು, ಇಡೀ ಸಾಗರವನ್ನು ಯಂತ್ರಕ್ಕೆ ತುಂಬಲಾಗದು. ನಾನು ನಕ್ಷೆಯಲ್ಲಿ ಸಮಭಾಜಕ ವೃತ್ತದ ಗುಂಟ ಗೆರೆ ಎಳೆದು, ಅದರ ಉತ್ತರಕ್ಕಿರುವ ಅರಬ್ಬಿ ಸಮುದ್ರ ಸಾಕು ಎಂದೆ. ಅಷ್ಟಕ್ಕೇ ನಮ್ಮ ಯಂತ್ರ ಮೂರು ದಿನ ಓಡುತ್ತಿತ್ತು. ದಕ್ಷಿಣದ ಮಹಾಸಾಗರವನ್ನೂ ಸೇರಿಸಿದ್ದರೆ ಎರಡು ವಾರ ಹಿಡಿಯುತ್ತಿತ್ತು. ಸಮಯವಿರಲಿಲ್ಲ ಎಂದು ಸಮಜಾಯಿಷಿ ಕೊಡಬಹುದು. ನಿಜ ಹೇಳಬೇಕೆಂದರೆ, ಅಷ್ಟು ದೂರದ ನೀರು ಇಲ್ಲಿಗೆ ಬಂದು ಏನು ಮಾಡೀತು ಎಂಬ ಉಡಾಫೆ ನನಗಿತ್ತು.

ಸ್ಥಳ ನೋಡಲು ಹೋದಾಗ ಜೊತೆಗೆ ಬಂದು ದಡ ತೋರಿಸಿದವರು ವಾಸಣ್ಣ. ಅರವತ್ತರ ಆಸುಪಾಸಿನ ಮೀನುಗಾರ, ಸ್ವಂತ ದೋಣಿಯವರು. ತಮ್ಮ ಬಲೆಗಳನ್ನು ನೀರಿನಿಂದ ಬಹಳ ಹಿಂದೆ, ತೆಂಗಿನ ಮರದ ಬುಡದಲ್ಲಿ ರಾಶಿ ಹಾಕಿದ್ದರು. ದಿನಾ ಇಷ್ಟು ದೂರ ಯಾಕೆ ಹೊರುತ್ತೀರಿ ಎಂದು ಕೇಳಿದೆ.

"ಗಾಳಿಯೇ ಇಲ್ಲದ ದಿನ ಕಡಲು ಮೇಲೆ ಬರ್ತದೆ ಮಾರಾಯ್ರೆ, ಮಳೆಗಾಲಕ್ಕೆ ಮುಂಚೆ. ನೋಡ್ಲಿಕ್ಕೆ ಅಲೆ ದೊಡ್ಡದಲ್ಲ. ಆದ್ರೆ ದಡಕ್ಕೆ ಬಂದ್ರೆ ನಿಲ್ಲುವುದೇ ಇಲ್ಲ, ಒಳಗೆ ಒಳಗೆ ಬರ್ತದೆ. ಬರ್ಕೊಳ್ಳಿ ನೀವು."

ಬರೆದುಕೊಂಡೆ. ಆದರೆ ಕಚೇರಿಗೆ ಮರಳಿ ನೋಡಿದರೆ, ಮಾಡೆಲ್‌ನಲ್ಲಿ ಮೇ ತಿಂಗಳ ಶಾಂತ ದಿನಗಳಲ್ಲಿ ಅಂಥ ಅಲೆಯ ಸುಳಿವೇ ಇಲ್ಲ. ಇರುವುದಾದರೂ ಹೇಗೆ? ಅದು ಬರುವ ದಾರಿಗೇ ನಾನು ಬೇಲಿ ಹಾಕಿದ್ದೆ. ಆಗ ಅದು ಹೊಳೆಯಲಿಲ್ಲ. ಜೂನ್, ಜುಲೈನಲ್ಲಿ ಸಮುದ್ರಕ್ಕೆ ತೇಲಿಬಿಟ್ಟ ಅಳತೆಯ ಉಪಕರಣದ ಅಂಕಿಗಳು ನನ್ನ ಲೆಕ್ಕಕ್ಕೆ ಚೆನ್ನಾಗಿ ಹೊಂದಿದ್ದವು. ಮಳೆಗಾಲದ ಅಲೆ ಬಹುಪಾಲು ಹತ್ತಿರದ ಗಾಳಿಯದ್ದೇ, ಹೊಂದಿದ್ದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಆದರೂ ನಾನು ಬೀಗಿದೆ. ನೋಟ್‌ಬುಕ್ಕಿನಲ್ಲಿ ವಾಸಣ್ಣನ ಮಾತಿನ ಮೇಲೆ ಗೆರೆ ಹೊಡೆದು, ಪಕ್ಕದಲ್ಲಿ 'ಸ್ಥಳೀಯ ನಂಬಿಕೆ' ಎಂದು ಬರೆದೆ. ವರದಿ ಒಪ್ಪಿಗೆಯಾಯಿತು. ನಾನು ಹೇಳಿದ ಎತ್ತರಕ್ಕೆ ಗೋಡೆ, ನಾನು ಹೇಳಿದ ಜಾಗದಲ್ಲಿ ಶೆಡ್ ಎದ್ದು ನಿಂತವು.

೨೦೦೫ರ ಮೇ ತಿಂಗಳ ಒಂದು ಮಧ್ಯಾಹ್ನ, ಎಲೆಯೂ ಅಲುಗದ ಸೆಕೆಯಲ್ಲಿ, ಕಡಲು ಆ ಗೋಡೆಯನ್ನು ದಾಟಿ ಶೆಡ್ಡಿಗೆ ನುಗ್ಗಿತು. ಒಳಗೆ ಬಲೆ ಎತ್ತುತ್ತಿದ್ದ ವಾಸಣ್ಣನವರನ್ನು ನೀರಿನೊಂದಿಗೆ ಬಂದ ದೋಣಿ ಕಂಬಕ್ಕೆ ಒತ್ತಿಹಾಕಿತು. ಜೀವ ಉಳಿಯಿತು. ಬಲಗೈ ಮಾತ್ರ ಭುಜದಿಂದ ಜೋತುಬಿದ್ದು ಮತ್ತೆ ಏಳಲಿಲ್ಲ.

ಮೇಲಧಿಕಾರಿಗಳು ನನ್ನನ್ನು ಕರೆಸಿ, "ಆ ಊರಿನವರು ಯಾರಾದ್ರೂ ಇಂಥದ್ದು ಬರುತ್ತೆ ಅಂತ ಹೇಳಿದ್ರೇನ್ರೀ?" ಎಂದು ಕೇಳಿದರು.

"ಇಲ್ಲ ಸರ್," ಎಂದೆ.

'ಅಸಾಧಾರಣ ನೈಸರ್ಗಿಕ ಘಟನೆ' ಎಂದು ವಿವರಣೆ ಬರೆದುಕೊಟ್ಟೆ, ಕಡತ ಮುಚ್ಚಿತು. ಯಾರೂ ನನ್ನತ್ತ ಬೆರಳು ತೋರಿಸಲಿಲ್ಲ. ಆದರೂ ಆ ಹಳ್ಳಿಯ ಹೆಸರು ಕಿವಿಗೆ ಬಿದ್ದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅದೇ ಮಳೆಗಾಲದಲ್ಲಿ ರಜೆಗೆಂದು ನಂಜನಗೂಡಿಗೆ ಬಂದೆ. ಟಿ. ನರಸೀಪುರದ ಕಡೆಯ ಹೆಮ್ಮಿಗೆಯಲ್ಲಿ ಗದ್ದೆ ಮಾಡಿಕೊಂಡಿದ್ದ ನನ್ನ ಸೋದರಮಾವ ಶಿವಮಲ್ಲಪ್ಪನವರೂ ಬಂದಿದ್ದರು. ಬೆಳಗ್ಗೆ ಇಬ್ಬರೂ ಹೊಳೆಯ ಕಡೆ ನಡೆದೆವು. ಒಳ್ಳೆಯ ಬಿಸಿಲು, ಊರಿನಲ್ಲಿ ನಾಲ್ಕೈದು ದಿನದಿಂದ ಒಂದು ಹನಿ ಬಿದ್ದಿರಲಿಲ್ಲ. ಕಪಿಲೆ ಮಾತ್ರ ಕೆಂಪಗೆ ಉಬ್ಬಿ ಹದಿನಾರು ಕಾಲಿನ ಮಂಟಪದ ಕಂಬಗಳನ್ನು ಅರ್ಧ ನುಂಗಿತ್ತು. ಎದೆಯ ಭಾರ ತಡೆಯದೆ ಮಾವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ, "ಗಾಳಿಯೇ ಇರಲಿಲ್ಲ ಮಾವ. ಅಲೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?" ಎಂದೂ ಸೇರಿಸಿದೆ.

ಮಾವ ಹೊಳೆಯತ್ತ ಕೈ ತೋರಿಸಿದರು. "ಇಲ್ಲೇನಾರ ಮಳೆ ಉಯ್ತೇನ್ಲಾ? ವೈನಾಡ್ನಲ್ಲಿ ಉಯ್ತು, ಡ್ಯಾಮ್ನಲ್ಲಿ ಗೇಟ್ ಎತ್ತುದ್ರು, ಇಲ್ಲಿ ಒಳೆ ಬಂತು. ನಾಳೆ ನರಸೀಪುರದ ಸಂಗಮಕ್ಕೂ ಓಯ್ತದೆ. ಒಳೆ ದಡದಲ್ಲಿ ಉಟ್ಟಿ ಇಷ್ಟೂ ಮರ್ತ್ಬುಟ್ಟಾ?"

ಚಿಕ್ಕಂದಿನಲ್ಲಿ, ಹೊಳೆ ಬರುತ್ತದೆ ಎಂದು ಸುಡುಬಿಸಿಲಲ್ಲಿ ತಮಟೆ ಹೊಡೆದು ಸಾರಿದಾಗ, ಮೆಟ್ಟಿಲ ಮೇಲೆ ಒಣಹಾಕಿದ್ದ ಬಟ್ಟೆಗಳನ್ನು ಬಾಚಿಕೊಂಡು ಅಮ್ಮನ ಹಿಂದೆ ಓಡಿದವನು ನಾನು. ನೀರು ಏರುವುದು ನಮ್ಮೂರಿನ ಮಳೆಗಲ್ಲ, ಕಾಣದ ಊರಿನ ಮಳೆಗೆ ಎಂಬುದು ನನಗೆ ಅಕ್ಷರಕ್ಕಿಂತ ಮೊದಲೇ ಗೊತ್ತಿತ್ತು. ಅದನ್ನೇ ವಾಸಣ್ಣ ಸಮುದ್ರದ ಮಾತಿನಲ್ಲಿ ಹೇಳಿದಾಗ ಗೆರೆ ಹೊಡೆದೆ.

ರಜೆ ಮೊಟಕುಗೊಳಿಸಿ ಹಿಂದಿರುಗಿದೆ. ಗಡಿಯನ್ನು ದಕ್ಷಿಣ ಮಹಾಸಾಗರದವರೆಗೂ ಚಾಚಿ ಮಾಡೆಲ್ ಓಡಿಸಿದೆ. ಎರಡು ವಾರದ ನಂತರ ಪರದೆಯ ಮೇಲೆ ಅದು ಕಾಣಿಸಿತು: ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿ, ಅಲ್ಲಿಂದ ದಿನಗಟ್ಟಲೆ ಸಾಗಿ ಬಂದ ಉದ್ದನೆಯ ಅಲೆ. ಇದನ್ನು 'ಸ್ವೆಲ್' ಎನ್ನುತ್ತಾರೆ. ಎತ್ತರ ಕಡಿಮೆ, ಆದರೆ ಒಂದು ಅಲೆಗೂ ಮುಂದಿನದಕ್ಕೂ ನಡುವೆ ಹದಿನೈದು ಸೆಕೆಂಡಿಗೂ ಮೀರಿದ ಅವಧಿ, ಒಂದೊಂದರ ಹಿಂದೆಯೂ ಅಷ್ಟು ನೀರು. ಅದಕ್ಕೇ ದಡದ ಮೇಲೆ ಅಷ್ಟು ದೂರ ಏರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೊಸ ಲೆಕ್ಕವನ್ನೂ ಗೆರೆ ಹೊಡೆದ ಪುಟವನ್ನೂ ಮೇಲಧಿಕಾರಿಗಳ ಮುಂದಿಟ್ಟು, ಅಂದು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡೆ. ಅವರು ನನ್ನನ್ನು ವಿನ್ಯಾಸದ ಕೆಲಸದಿಂದ ಬಿಡಿಸಿದರು. ಸರಿಯಾಗಿಯೇ ಮಾಡಿದರು. ಮುಂದಿನ ಮಳೆಗಾಲದೊಳಗೆ ಶೆಡ್ಡನ್ನು ತೆಂಗಿನ ಮರಗಳ ಹಿಂದಕ್ಕೆ ಸ್ಥಳಾಂತರಿಸಿದರು.

ಆಮೇಲೆ ವಾಸಣ್ಣನವರ ಮನೆಗೆ ಹೋಗಿ ಆ ಪುಟವನ್ನು ಓದಿ ಹೇಳಿದೆ. ಬೈದುಬಿಡಲಿ ಎಂದು ಕಾದೆ. ಅವರು ಬೈಯಲಿಲ್ಲ. ಅಂದು ಬಲೆಗಳು ಶೆಡ್ಡಿಗೆ ಹೇಗೆ ಬಂದವು ಎಂದು ನಾನೇ ಕೇಳಿದೆ.

"ನನ್ನ ಅಪ್ಪನ ಕಾಲದಿಂದ ತೆಂಗಿನ ಬುಡದಲ್ಲೇ ಇಟ್ಟದ್ದು," ಎಂದರು ವಾಸಣ್ಣ. "ಇಲ್ಲಿಗೆ ನೀರು ಬರುವುದಿಲ್ಲ ಅಂತ ಕಂಪ್ಯೂಟರೇ ಹೇಳಿದೆ ಅಂದ್ರು ಶೆಡ್ ಕಟ್ಟಿದವರು. ನನಗೇ ನನ್ನ ಮಾತಲ್ಲಿ ನಂಬಿಕೆ ಹೋಯ್ತು ಎಂಜಿನಿಯರ್ರೇ. ತಂದು ಶೆಡ್ಡಿನಲ್ಲಿ ಇಟ್ಟೆ."

ಅವರ ಕೈಗಿಂತ ಮೊದಲು ಅವರ ಅರಿವನ್ನು ಕಿತ್ತುಕೊಂಡಿದ್ದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಲೆಕ್ಕ ಸರಿಯಿದ್ದರೂ ಅದರ ಗಡಿಯಾಚೆ ಏನಿದೆ ಎಂದು ಆ ದಡದಲ್ಲಿ ಬದುಕುವವರನ್ನು ಕೇಳಬೇಕು, ಕೇಳಿದ ಮೇಲೆ ನಂಬಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು, ಅದರ ಬೆಲೆ ತೆತ್ತವರು ಬೇರೆಯವರು. ಆ ನೋಟ್‌ಬುಕ್ ಈಗಲೂ ನನ್ನ ಮೇಜಿನಲ್ಲಿದೆ. ಕಪಿಲೆ ಉಬ್ಬಿದ ಸುದ್ದಿ ಕೇಳಿದಾಗಲೆಲ್ಲ ತೆಗೆದು ನೋಡುತ್ತೇನೆ. ನಾನು ಹೊಡೆದ ಗೆರೆ ಮಾಸಿದೆ. ಕೆಳಗಿನ ವಾಸಣ್ಣನ ಮಾತನ್ನು ಇಂದಿಗೂ ಓದಬಹುದು.