ಎಡಗೈ ತಿರುಪಿನ ತಂತಿ

ಅರಸೀಕೆರೆಯ ಮೆಕ್ಯಾನಿಕ್ ಸಿದ್ದಬಸಪ್ಪನ ಬಾಯಲ್ಲಿ ದಿನಕ್ಕೆ ಎಷ್ಟು ಸಲ ‘ಥೂ’ ಬರುತ್ತದೆಂದು ಲೆಕ್ಕ ಇಟ್ಟವರಿಲ್ಲ. ಟೀ ಮೇಲೆ ಕೆನೆ ಕಂಡರೆ ಥೂ. ಗ್ರೀಸು ಮೆತ್ತಿದ ಕೈಯಲ್ಲೇ ಬೋಂಡ ತಿನ್ನುವವರನ್ನು ಕಂಡರೆ ಥೂ. ಬೇರೆಯವರು ಕಟ್ಟಿದ ಇಂಜಿನ್ನು ಬಿಚ್ಚುವಾಗಲಂತೂ ಕೇಳಲೇಬೇಡಿ. ಇಂಥ ಮಡಿವಂತನಿಗೆ ದೇವರು ಇಂಥ ಕಸುಬು ಯಾಕೆ ಕೊಟ್ಟನೋ! ಸೋಪಿನ ಪುಡಿ ಹಾಕಿ ಮೊಣಕೈವರೆಗೂ ಉಜ್ಜಿ ತೊಳೆಯದೆ ಅವನು ಗ್ಯಾರೇಜಿನ ಹೊಸ್ತಿಲು ದಾಟಿದ್ದೇ ಇಲ್ಲ.

ಅವನು ಥೂ ಅನ್ನದ ಮನುಷ್ಯ ಒಬ್ಬರಿದ್ದರು, ಭೀಮರಾಜ್ ಮೇಸ್ತ್ರಿ. ಸಿದ್ದಬಸಪ್ಪನಿಗೂ ಅವನ ತಮ್ಮ ರವಿಕುಮಾರನಿಗೂ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು. ಈಗ ವಯಸ್ಸಾಗಿ ಕೈ ನಡುಗುತ್ತದೆ. ಬೆಳಗ್ಗೆ ಬಂದು ಗ್ಯಾರೇಜಿನ ಬೆಂಚಿನ ಮೇಲೆ ಕೂತರೆ ಸಂಜೆಯೇ ಏಳುವುದು. ಅವರ ಟೀ ಲೋಟವನ್ನು ಸಿದ್ದಬಸಪ್ಪ ಬೇರೆಯವರಿಗೆ ಮುಟ್ಟಲೂ ಬಿಡದೆ ತಾನೇ ತೊಳೆದಿಡುತ್ತಿದ್ದ.

ಒಡಹುಟ್ಟಿದ ತಮ್ಮನಿಗೆ ಮಾತ್ರ ಆ ರಿಯಾಯಿತಿ ಸಿಗಲಿಲ್ಲ. ಹಾರನಹಳ್ಳಿಯವರ ಜೀಪಿನ ಇಂಜಿನ್ನಿನಲ್ಲಿ ರವಿಕುಮಾರ ಸವೆದ ಬೇರಿಂಗಿನ ಬೆನ್ನಿಗೆ ಸಿಗರೇಟು ಪ್ಯಾಕಿನ ಬೇಗಡೆ ಮಡಿಸಿಟ್ಟು ಬಿಗಿದಿದ್ದ. ಸಡಿಲಾದ ಬೇರಿಂಗು ನಾಲ್ಕು ದಿನ ಸದ್ದು ಮಾಡದಿರಲೆಂದು ಮಾಡುವ ಕಳ್ಳಕೆಲಸ ಅದು. ಸಿದ್ದಬಸಪ್ಪ ಆ ಬೇಗಡೆಯನ್ನು ಇಕ್ಕಳದಲ್ಲಿ ಎತ್ತಿ, ಗಿರಾಕಿಗಳೆದುರೇ ತಮ್ಮನ ಮುಖಕ್ಕೆಸೆದ. “ಥೂ! ಇನ್ಮೇಲೆ ನನ್ನ ಗ್ಯಾರೇಜಿಗೆ ಕಾಲಿಕ್ಕಬ್ಯಾಡ” ಅಂದ. “ಸರಿಯಾಗ್ ಮಾಡ್ದೆ ಕಣ್ಲಾ” ಎಂದು ಬೆಂಚಿನಿಂದ ಮೇಸ್ತ್ರಿ ತಲೆಯಾಡಿಸಿದರು. ರವಿಕುಮಾರ ತುಟಿಪಿಟಕ್ಕೆನ್ನದೆ ಹೋದ. ಈಗ ಬೇಲೂರಿನಲ್ಲಿ ಆಟೋ ಓಡಿಸುತ್ತಾನೆ. ತಾಯಿ ಸತ್ತಾಗ ಬಂದು, ಚಟ್ಟಕ್ಕೆ ಹೆಗಲು ಕೊಟ್ಟು, ಅಣ್ಣನ ಮುಖವನ್ನೂ ನೋಡದೆ ಹಿಂದಿರುಗಿದ. ಅದು ನೆನಪಾದರೆ ಸಿದ್ದಬಸಪ್ಪನಿಗೆ ಅನ್ನ ಸೇರುವುದಿಲ್ಲ. ಮೇಸ್ತ್ರಿಯೇ ಸರಿ ಅಂದಿದ್ದಾರಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದ.

ಹೀಗಿರುವಾಗ ಹಳೇಬೀಡಿನ ನೇಮಿಚಂದ್ರ ತಮ್ಮ ತಂದೆಯ ಕಾಲದ ಮಾರಿಸ್ ಕಾರಿನ ಇಂಜಿನ್ನು ಕಳಿಸಿದರು. “ಮೇಲ್ಗಡೆ ಮಾತ್ರ ನೋಡ್ಲಾ. ಕೆಳಗಡೆ ಬಿಚ್ಬ್ಯಾಡ, ಅದು ಚೆನ್ನಾಗೇ ಐತೆ” ಅಂದರು ಮೇಸ್ತ್ರಿ. ಅರ್ಧ ಕೆಲಸ ಸಿದ್ದಬಸಪ್ಪನ ಜಾಯಮಾನದಲ್ಲೇ ಇಲ್ಲ. ಪೂರ್ತಿ ಬಿಚ್ಚಿದ. ಗಾಳಿ ಹೋಗುವ ಕೊಳವೆಯಲ್ಲಿ ಇಲಿ ಗೂಡು, ಅದರೊಳಗೆ ಒಣಗಿದ ಮರಿಗಳು. ಅಡಿಯ ಆಯಿಲ್ ತೊಟ್ಟಿಯಲ್ಲಿ ಸೀದ ಪಾಕದಂಥ ಕರೀ ರಾಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಶಾಪ ಹಾಕುತ್ತಲೇ ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ತಗಡಿನ ಮೇಲೆ ಜೋಡಿಸಿದ.

ಇಂಜಿನ್ನು ಬಿಚ್ಚುವುದು ಯಾರಿಗಾದರೂ ಬರುತ್ತದೆ. ಯಾವುದರ ಜೋಡಿ ಯಾವುದು ಎಂದು ಗುರುತು ಹಿಡಿಯುವುದೇ ಕೆಲಸ. ಪ್ರತಿ ಕನೆಕ್ಟಿಂಗ್ ರಾಡಿಗೂ ಬುಡದಲ್ಲಿ ಬೇರಿಂಗನ್ನು ಹಿಡಿದಿಡುವ ಅದರದೇ ಕ್ಯಾಪು, ಎರಡರ ಮೇಲೂ ಒಂದೇ ನಂಬರು. ಇಲ್ಲಿ ನೋಡಿದರೆ ಎರಡನೇ ರಾಡಿಗೆ ಮೂರರ ಕ್ಯಾಪು, ಅದೂ ಅರ ಹಾಕಿ ಉಜ್ಜಿ ಕೂರಿಸಿದ್ದು! ಬೋಲ್ಟುಗಳು ಸಡಿಲವಾಗದಿರಲೆಂದು ಬಿಗಿದಿದ್ದ ತಂತಿ ಕತ್ತರಿಸಿ ಕ್ಯಾಪು ತೆಗೆದ. ಬೇರಿಂಗಿನ ಬೆನ್ನಿಗೆ, ಅಚ್ಚುಕಟ್ಟಾಗಿ ಮಡಿಸಿದ ಬೇಗಡೆ.

“ಥೂ! ಯಾವ ಕತ್ತೆ ಕಟ್ಟಿದ್ದಲೇ ಇದನ್ನ? ಅವನ ಕೈಗೆ ಹಾವು ಕಡಿಯ! ಇವನೂ ಒಬ್ಬ ಮೆಕ್ಯಾನಿಕ್ಕಾ? ಹೊಟ್ಟೆಗೆ ಅನ್ನ ತಿಂತಿದ್ನಾ, ಇನ್ನೇನಾದ್ರೂ ತಿಂತಿದ್ನಾ?”

ಇಂಥ ಬೈಗುಳಕ್ಕೆ ದಿನವೂ ನಗುವ ಮೇಸ್ತ್ರಿ ಇವತ್ತು ನಗಲಿಲ್ಲ. ಸಿದ್ದಬಸಪ್ಪ ಕತ್ತರಿಸಿದ ತಂತಿಯನ್ನು ಬೆಳಕಿಗೆ ಹಿಡಿದ. ಎಲ್ಲರೂ ಬಲಕ್ಕೆ ತಿರುಪುವ ತಂತಿ ಇಲ್ಲಿ ಎಡಕ್ಕೆ ತಿರುಪಿಕೊಂಡಿತ್ತು. ಅರಸೀಕೆರೆಯಲ್ಲಿ ಎಡಗೈಯಲ್ಲಿ ಇಕ್ಕಳ ಹಿಡಿಯುತ್ತಿದ್ದವರು ಒಬ್ಬರೇ, ಅವರು ಬೆಂಚಿನ ಮೇಲೆ ಎಡಗೈಯಲ್ಲಿ ಟೀ ಲೋಟ ಹಿಡಿದು ಕೂತಿದ್ದರು.

“ನಿಮ್ ಕೆಲ್ಸಾನಾ ಮೇಸ್ತ್ರಿ?”

“ಅವ್ರ ಮನೇಲಿ ಮದ್ವೆ ಇತ್ತು ಕಣ್ಲಾ. ಬೇರಿಂಗ್ ಸಿಗ್ನಿಲ್ಲ. ಮದ್ವೆ ಮುಗಿಯೋಗಂಟ ಓಡ್ಲಿ ಅಂತ ಹಾಕ್ದೆ. ಆಮೇಕೆ ಗಾಡಿ ವಾಪಸ್ ಬರ್ಲೇ ಇಲ್ಲ.”

“ಮತ್ತೆ ನಮ್ ರವಿನ ಓಡಿಸ್ದಾಗ ಸರಿಯಾಗ್ ಮಾಡ್ದೆ ಅಂದ್ರಲ್ಲ?”

ಮೇಸ್ತ್ರಿ ಲೋಟದೊಳಗೆ ಇಣುಕಿದರು. “ಆರೋಗೈತೆ. ಇನ್ನೊಂದ್ ಟೀ ಹೇಳ್ಲಾ.”

ಸಿದ್ದಬಸಪ್ಪನಿಗೆ ಸತ್ತ ಇಲಿಮರಿ ಕಂಡಾಗಲೂ ಇಷ್ಟು ಹೇಸಿಗೆ ಆಗಿರಲಿಲ್ಲ. ಹಿತ್ತಲಿಗೆ ಹೋಗಿ ತಮ್ಮನಿಗೆ ಫೋನು ಹಚ್ಚಿದ.

“ಮೇಸ್ತ್ರಿ ಕಟ್ಟಿರೋ ಇಂಜಿನ್ನಲ್ಲೂ ಬೇಗಡೆ ಐತೆ ಕಣೋ.”

“ಇರದೆ ಏನು?” ರವಿಕುಮಾರನಿಗೆ ಆಶ್ಚರ್ಯವೇ ಇಲ್ಲ. “ಮಡಿಸೋದು ಹೇಳ್ಕೊಟ್ಟೋರೇ ಅವ್ರು. ಆ ಜೀಪಿಗೆ ಹಾಕು ಅಂದೋರೂ ಅವ್ರೇ.”

“ಮತ್ತೆ ಅವತ್ತೇ ಯಾಕೋ ಬಾಯ್ಬಿಡ್ಲಿಲ್ಲ?”

“ನೀನು ಕೇಳಿದ್ಯೇನಣ್ಣ? ತುಕ್ಕು ಹಿಡಿದ ಬೋಲ್ಟು ಸಿಕ್ರೂ ಯಾರು ಹಾಕಿದ್ದು, ಯಾಕೆ ಹಾಕಿದ್ದು ಅಂತ ಕೇಳ್ತೀಯ. ನನ್ನ ಕೇಳ್ಲಿಲ್ಲ. ಗಿರಾಕಿ ಕಾಯ್ತಾವ್ರೆ, ಇಡ್ತೀನಿ.”

ಒಳಗೆ ಬಂದಾಗ ಮೇಸ್ತ್ರಿ, “ಹೇಳಿದ್ಯೇನ್ಲಾ ಟೀಯ?” ಎಂದರು. ಸಿದ್ದಬಸಪ್ಪನ ಗಂಟಲವರೆಗೂ ಥೂ ಬಂತು. ಯಾರಿಗೆ ಉಗಿಯಬೇಕಿತ್ತು? ಆ ಮುದುಕನಿಗೋ, ವಿಚಾರಿಸದೆ ತಮ್ಮನನ್ನು ನಾಯಿಯಂತೆ ಅಟ್ಟಿದ ತನಗೋ? ನುಂಗಿಕೊಂಡ. ಲೋಟ ತೊಳೆಯಲಿಲ್ಲ. ಇಂಜಿನ್ನು ಬಿಚ್ಚಿದ ಹಾಗೇ ಬಿಟ್ಟು ಹೊಸ್ತಿಲು ದಾಟಿ, ಬಸ್ ಸ್ಟ್ಯಾಂಡಿಗೆ ನಡೆದು ಬೇಲೂರಿನ ಬಸ್ಸು ಹತ್ತಿದ.

ಪಕ್ಕದಲ್ಲಿದ್ದ ಹೆಂಗಸು ಅವನ ಕೈ ನೋಡಿ ಸೆರಗು ಎಳೆದುಕೊಂಡು ಸರಿದಳು. “ಥೂ! ಏನ್ ಗಲೀಜು ಕೈ ರೀ ಅದು! ತೊಳ್ಕೊಂಡು ಬರ್ಬಾರ್ದಾ?”

ಸಿದ್ದಬಸಪ್ಪ ಆಗ ನೋಡಿಕೊಂಡ. ಮೊಣಕೈವರೆಗೂ ಕಪ್ಪು. ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡು ಕೂತ.