ಟ್ಯಾಂಕ್ ಬ್ಯಾಡ್ರಿ, ಟೈಮ್ ಬದಲಿಸ್ರಿ

“ನಮಗ ಟ್ಯಾಂಕ್ ಬ್ಯಾಡ್ರಿ.”

ಕಳೆದ ತಿಂಗಳು ಒಂದು ಸಂಜೆ ನಮ್ಮ ವಾರ್ಡ್ ಸಭೆಯಲ್ಲಿ ಹುಲಿಗೆಮ್ಮ ಎದ್ದು ನಿಂತು ಹೀಗೆ ಅಂದಳು. ಸರ್ಕಾರ ನೀರಿನ ಟ್ಯಾಂಕ್ ಕೊಡುತ್ತೇನೆ ಎಂದಾಗ ಬೇಡ ಅನ್ನುವವರನ್ನು ನಾನು ನೋಡಿದ್ದು ಅದೇ ಮೊದಲು. (ಊರಿನ ಹೆಸರು ಬರೆಯುವುದಿಲ್ಲ. ನಾನೂ ಅದೇ ನಲ್ಲಿಯ ನೀರು ಕುಡಿಯಬೇಕು.)

ಹುಲಿಗೆಮ್ಮ ನಮ್ಮ ಓಣಿಯವಳು. ಕಡ್ಡಿರಾಂಪುರದ ಒಂದು ಹೋಂಸ್ಟೇಯಲ್ಲಿ ರೂಮ್ ಕ್ಲೀನ್ ಮಾಡುತ್ತಾಳೆ. ಬೆಳಗ್ಗೆ ಏಳರ ಬಸ್ಸಿಗೆ ಹೋದರೆ ಬರುವುದು ಸಂಜೆ. ನಮ್ಮಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು, ಅದೂ ಬೆಳಗ್ಗೆ ಒಂಬತ್ತಕ್ಕೆ. ನೀರು ಹಿಡಿಯಬೇಕೆಂದರೆ ರಜೆ ಹಾಕಬೇಕು. ಇನ್ನೊಂದು ರಜೆ ಹಾಕಿದರೆ ಕೆಲಸಕ್ಕೆ ಬರುವುದೇ ಬೇಡ ಎಂದು ಮಾಲೀಕರು ಹೇಳಿಯಾಗಿದೆ.

“ನೀರು ಅದಾವ್ರಿ ಸರ. ನಾ ಮನ್ಯಾಗ ಇರೋ ಹೊತ್ತಿಗೆ ಬಿಡ್ರಿ, ಸಾಕು,” ಅಂದಳು.

ಸಭೆ ನಡೆಸುತ್ತಿದ್ದ ಪಂಚಾಯ್ತಿ ಸಾಹೇಬರು ಯೋಜನೆಯ ಫಾರ್ಮ್ ತಿರುವಿ ನೋಡಿದರು. “ನೋಡವ್ವ, ಟ್ಯಾಂಕಿಗೆ ಕಾಲಂ ಐತಿ. ಪೈಪ್‌ಲೈನಿಗೂ ಐತಿ. ಟೈಮಿಗೆ ಕಾಲಂ ಇಲ್ಲ. ಖರ್ಚಿಲ್ಲದ ಕೆಲಸಾನ ಪ್ಲಾನ್‌ನಾಗ ಹೆಂಗ ತೋರಿಸ್ಲಿ?”

ನ್ಯಾಯವಾದ ಮಾತು. ಎಸ್ಟಿಮೇಟ್ ಇಲ್ಲದ್ದು ಅಭಿವೃದ್ಧಿ ಹೇಗಾದೀತು? “ಟ್ಯಾಂಕ್ ಬೇಕನ್ನೋರು ಕೈ ಎತ್ರಿ,” ಅಂದರು ಸಾಹೇಬರು. ಹುಲಿಗೆಮ್ಮನನ್ನು ಬಿಟ್ಟು ಎಲ್ಲರೂ ಎತ್ತಿದರು. ನಾನೂ ಎತ್ತಿದೆ. (ಚಹಾ ಬಂದಿತ್ತು.) ಅಲ್ಲೇ ನಾಚಿಕೆಯಾಗಬೇಕಿತ್ತು, ಮನೆಗೆ ಬಂದ ಮೇಲೆ ಆಯಿತು.

ಆ ಚಹಾ ಹಂಚುತ್ತಿದ್ದವನು ಮಾರೆಪ್ಪ, ನಮ್ಮ ನೀರಗಂಟಿ. ಓಣಿಯ ವಾಲ್ವ್ ತಿರುವುವವನು ಅವನೇ. ನೀರಿನ ಬಗ್ಗೆ ಎರಡು ತಾಸು ಮಾತಾಡಿದ ಸಭೆ ಅವನನ್ನು ಕೇಳಿದ್ದು ಸಕ್ಕರೆ ಕಡಿಮೆ ಇರುವ ಚಹಾ ಮಾತ್ರ. ಎಲ್ಲ ಮುಗಿದ ಮೇಲೆ ಹುಲಿಗೆಮ್ಮ ಅವನ ಹತ್ತಿರ ಹೋಗಿ ತನ್ನ ಕಷ್ಟ ಹೇಳಿಕೊಂಡಳು.

“ಸಂಜಿ ಆರಕ್ಕ ಬಿಟ್ರ ನಡೀತೈತೇನವ್ವ?” ಅಂದ ಮಾರೆಪ್ಪ. “ಬೆಳಗ್ಗೆ ಅರ್ಧ ಓಣಿ ಬೀಗ ಹಾಕಿರ್ತೈತಿ. ಹಿಂದಿನವ ಒಂಬತ್ತಕ್ಕ ಬಿಡ್ತಿದ್ದ, ನಾನೂ ಬಿಡ್ತೀನಿ. ಅಷ್ಟ.”

ಆ ಶುಕ್ರವಾರವೇ ಸಂಜೆ ಆರಕ್ಕೆ ನೀರು ಬಂತು. ಅನುದಾನವಿಲ್ಲ, ಬ್ಯಾನರೂ ಇಲ್ಲ. ಹುಲಿಗೆಮ್ಮ ಕೊಡ ತುಂಬಿಸುತ್ತಾ ನಗುತ್ತಿದ್ದಳು. ನನಗೂ ಭಾರಿ ಖುಷಿಯಾಯಿತು.

ಮೊನ್ನೆ ಸೋಮವಾರ ಆಫೀಸಿನಿಂದ ಆಕೆಗೆ ಫೋನ್. ‘ಹುಲಿಗೆಮ್ಮನವರ ಬೇಡಿಕೆಯಂತೆ’ ಟ್ಯಾಂಕ್ ಮಂಜೂರಾಗಿದೆ. ಗುರುವಾರ ಬೆಳಗ್ಗೆ ಹತ್ತಕ್ಕೆ ಭೂಮಿಪೂಜೆ. ಫೋಟೋದಲ್ಲಿ ಫಲಾನುಭವಿ ಇರಲೇಬೇಕಂತೆ.

“ರಜಾ ಹಾಕ್ಬೇಕಲ್ರಿ ಅಣ್ಣಾರ?” ಎಂದು ನನ್ನನ್ನು ಕೇಳಿದಳು.

ನೀವೇ ಹೇಳಿ, ಆಕೆ ಬೇಡವೆಂದ ಟ್ಯಾಂಕಿಗೆ ಆಕೆಯ ನೌಕರಿಯನ್ನೇ ಅಡಿಗಲ್ಲಾಗಿ ಇಡಬೇಕೆ?